ಮಾಳಿಗೆಯ ಗೋಡೆ ಮತ್ತು ಊರೊಳಗಿನ ವೇಗ

ಅಡಿಕೆ ಕೊಯ್ಲಿನ ದಿನಗಳಲ್ಲಿ ಚನ್ನಗಿರಿಯ ಮುಖ್ಯರಸ್ತೆಯ ಅಂಚಿನಲ್ಲಿ ಅರ್ಧ ಗಂಟೆ ನಿಂತವರಿಗೆ ಒಂದು ಸಂಗತಿ ತಾನಾಗಿಯೇ ಮನದಟ್ಟಾಗುತ್ತದೆ. ಆ ರಸ್ತೆ ಒಂದೇ ವೇಗದ ಜನರದಲ್ಲ. ಹಸಿ ಅಡಿಕೆ ತುಂಬಿದ ಟ್ರ್ಯಾಕ್ಟರ್, ದಾವಣಗೆರೆಗೆ ಹೊತ್ತಾಯಿತೆಂದು ಹಾರ್ನ್ ಬಾರಿಸುವ ಖಾಸಗಿ ಬಸ್ಸು, ಶಿವಮೊಗ್ಗದ ಕಡೆಗೆ ಹೊರಟ ಲಾರಿ; ಇವುಗಳ ನಡುವೆ ಚೀಲ ಹೊತ್ತ ಶಾಲೆಯ ಮಕ್ಕಳು, ಕೋಲೂರಿಕೊಂಡು ದಾಟುವ ಮುದುಕಿ. ರಸ್ತೆ ಎಲ್ಲರಿಗೂ ಸೇರಿದ್ದೆನ್ನುತ್ತೇವೆ. ಆದರೆ ಅದರ ವೇಗವನ್ನು ಗೊತ್ತುಮಾಡುವವನು ಅವರೆಲ್ಲರಲ್ಲಿ ಅತ್ಯಂತ ಅವಸರದವನು.

ನಮ್ಮ ಊರುಗಳಲ್ಲಿ ವೇಗಮಿತಿಯ ಚರ್ಚೆ ಸಾಮಾನ್ಯವಾಗಿ ಆರಂಭವಾಗುವುದು ಶವದ ಮುಂದೆ. ರಸ್ತೆ ತಡೆ ನಡೆಯುತ್ತದೆ, ಅಧಿಕಾರಿಗಳು ಬರುತ್ತಾರೆ, ಹಂಪ್ಸ್ ಹಾಕಿಸುವ ಭರವಸೆ ದೊರೆಯುತ್ತದೆ. ಕೆಲವು ತಿಂಗಳಲ್ಲಿ ಅದೇ ಹಂಪ್ಸ್ ಸೊಂಟ ಮುರಿಯುತ್ತದೆಂಬ ದೂರು ಏಳುತ್ತದೆ. ಮನಸ್ಸಾಕ್ಷಿ ಮಾಡಬೇಕಿದ್ದ ಕೆಲಸವನ್ನು ನಾವು ಡಾಂಬರಿಗೆ ವಹಿಸಿಬಿಟ್ಟಿದ್ದೇವೆ.

ಕಾನೂನಿನ ದಾರಿಯೂ ನೇರವಾಗಿಲ್ಲ. 2018ರ ಏಪ್ರಿಲ್‌ನಲ್ಲಿ ಕೇಂದ್ರ ಸರ್ಕಾರ ಹೊರಡಿಸಿದ ಅಧಿಸೂಚನೆ, ಪುರಸಭೆ ನಗರಸಭೆಗಳ ವ್ಯಾಪ್ತಿಯ ರಸ್ತೆಗಳಲ್ಲಿ ಕಾರುಗಳಿಗೆ ಗಂಟೆಗೆ 70 ಕಿ.ಮೀ., ದ್ವಿಚಕ್ರ ವಾಹನಗಳಿಗೆ 60 ಕಿ.ಮೀ. ಗರಿಷ್ಠ ವೇಗವೆಂದು ನಿಗದಿಪಡಿಸಿತು. ಇದಕ್ಕಿಂತ ಕಡಿಮೆ ಮಾಡುವ ಅಧಿಕಾರ ರಾಜ್ಯಗಳಿಗಿದೆ. 2019ರ ಸೆಪ್ಟೆಂಬರಿನಲ್ಲಿ ದಂಡಗಳು ಏರಿದವು. ಜನರ ಆಕ್ರೋಶಕ್ಕೆ ಮಣಿದ ಕರ್ನಾಟಕ ಸರ್ಕಾರ ಅದೇ ತಿಂಗಳು ಹಲವನ್ನು ಇಳಿಸಿತು. ಇದು ನಮ್ಮ ದೇಶದ ಕಥೆ ಮಾತ್ರವಲ್ಲ. ಬ್ರಿಟನ್ನಿನ ವೇಲ್ಸ್ ಪ್ರಾಂತ್ಯದಲ್ಲಿ 2023ರ ಸೆಪ್ಟೆಂಬರಿನಲ್ಲಿ ಜನವಸತಿಯ ರಸ್ತೆಗಳ ವೇಗಮಿತಿಯನ್ನು ಸುಮಾರು 48 ಕಿ.ಮೀ.ನಿಂದ 32ಕ್ಕೆ ಇಳಿಸಿದಾಗ, ಅದನ್ನು ವಿರೋಧಿಸಿ 4 ಲಕ್ಷ 60 ಸಾವಿರಕ್ಕೂ ಹೆಚ್ಚು ಜನ ಸಹಿ ಹಾಕಿದರು. ಅಲ್ಲಿಯ ಜನಸಂಖ್ಯೆ ಸುಮಾರು 31 ಲಕ್ಷ.

ವಿರೋಧಿಸುವವರೆಲ್ಲ ಕಠಿಣಹೃದಯರೇನಲ್ಲ. "ನಾನು ಚೆನ್ನಾಗಿ ಓಡಿಸಬಲ್ಲೆ, ಇಂದಿನವರೆಗೆ ಯಾರಿಗೂ ತಾಗಿಸಿಲ್ಲ" ಎಂಬುದು ಪ್ರಾಮಾಣಿಕವಾದ ಮಾತೇ. ಆದರೆ ಲೆಕ್ಕ ಬೇರೆಯದನ್ನೇ ಹೇಳುತ್ತದೆ. ಎದುರಿಗೆ ಮಗುವೊಂದು ನುಗ್ಗಿತೆನ್ನಿ. ಕಣ್ಣು ಕಂಡು ಕಾಲು ಬ್ರೇಕಿಗೆ ಬರಲು ಒಂದು ಸೆಕೆಂಡಾದರೂ ಬೇಕು. 30 ಕಿ.ಮೀ. ವೇಗದವನು ಒಣರಸ್ತೆಯಲ್ಲಿ ಸುಮಾರು 14 ಮೀಟರಿನೊಳಗೆ ಪೂರ್ತಿಯಾಗಿ ನಿಂತಿರುತ್ತಾನೆ. 50ರ ವೇಗದವನು ಅದೇ 14ನೆಯ ಮೀಟರಿಗೆ ತಲುಪಿದಾಗ ಅವನ ಕಾಲು ಆಗಷ್ಟೇ ಬ್ರೇಕನ್ನು ಮುಟ್ಟಿರುತ್ತದೆ. ಇಲ್ಲಿ ಚಾಲನೆಯ ಜಾಣ್ಮೆಗೆ ಅವಕಾಶವೇ ಇಲ್ಲ. 2022ರಲ್ಲಿ ಭಾರತದ ರಸ್ತೆಗಳಲ್ಲಿ ಸತ್ತವರು 1,68,491 ಮಂದಿ. ಅವರನ್ನು ಕೊಲ್ಲಬೇಕೆಂದು ಯಾರೂ ಮನೆಯಿಂದ ಹೊರಟಿರಲಿಲ್ಲವೆಂದೇ ಹೇಳಬಹುದು.

ಪ್ರಶ್ನೆಯಿರುವುದು ಇಲ್ಲಿಯೇ. ಯಾರೂ ಬಯಸದ ಸಾವಿಗೆ ಹೊಣೆ ಯಾರು? ನಮ್ಮ ಪವಿತ್ರ ಗ್ರಂಥ ಇದನ್ನು ಬಹು ಹಿಂದೆಯೇ ಎದುರಿಸಿದೆ. ಹೊಸ ಮನೆ ಕಟ್ಟಿದವನು ಮಾಳಿಗೆಗೆ ಸುತ್ತುಗೋಡೆ ಕಟ್ಟಬೇಕು; ಇಲ್ಲದಿದ್ದಲ್ಲಿ ಬಿದ್ದವನ ರಕ್ತದ ಹೊಣೆ ಆ ಮನೆಗೆ ತಟ್ಟುತ್ತದೆ (ಧರ್ಮೋಪದೇಶಕಾಂಡ 22:8). ಗೋಡೆ ಕಟ್ಟದವನು ಯಾರನ್ನೂ ನೂಕಿಲ್ಲ. ಆದರೂ ಹೊಣೆ ಅವನದು. ವಿಮೋಚನಾಕಾಂಡದ 21ನೆಯ ಅಧ್ಯಾಯದ ಹಾಯುವ ಎತ್ತಿನ ನಿಯಮ ಇನ್ನೂ ಕಟುವಾದುದು. ಎತ್ತು ಹಾಯುವುದೆಂದು ಮೊದಲೇ ತಿಳಿದೂ ಕಟ್ಟಿಹಾಕದ ಯಜಮಾನನಿಗೂ, ತಿಳಿಯದಿದ್ದವನಿಗೂ ಅಲ್ಲಿ ಒಂದೇ ತೀರ್ಪಿಲ್ಲ. ವೇಗ ಕೊಲ್ಲುತ್ತದೆಂದು ಇಂದು ತಿಳಿಯದವರು ಯಾರಿದ್ದಾರೆ?

ಕಥೋಲಿಕ ಧರ್ಮಸಭೆಯ ಧರ್ಮೋಪದೇಶ ಗ್ರಂಥವು, ವೇಗದ ಮೋಹದಿಂದ ತನ್ನ ಮತ್ತು ಪರರ ಜೀವವನ್ನು ಅಪಾಯಕ್ಕೊಡ್ಡುವುದನ್ನು ಗಂಭೀರ ಅಪರಾಧವೆಂದು 2290ನೆಯ ಪರಿಚ್ಛೇದದಲ್ಲಿ ಗುರುತಿಸುತ್ತದೆ. ಅಪಘಾತವಾದರೆ ಎಂಬ ಷರತ್ತು ಅಲ್ಲಿಲ್ಲ, ಅಪಾಯಕ್ಕೊಡ್ಡಿದರೆ ಸಾಕು. 2007ರಲ್ಲಿ ವ್ಯಾಟಿಕನ್ ಪ್ರಕಟಿಸಿದ ಚಾಲಕರ ದಶಾಜ್ಞೆಗಳಲ್ಲಿಯೂ ಮೊದಲನೆಯದು ಕೊಲ್ಲಬಾರದೆಂಬುದೇ. ಆಗ ಪತ್ರಿಕೆಗಳು ಅದನ್ನು ತುಸು ವಿನೋದದಿಂದಲೇ ವರದಿ ಮಾಡಿದವು. ಆದರೆ ಪಾಪನಿವೇದನೆಗೆ ಬಂದು, ಊರೊಳಗೆ ಅತಿವೇಗವಾಗಿ ಗಾಡಿ ಓಡಿಸಿದೆನೆಂದು ಹೇಳಿದವರ ಬಗ್ಗೆ ಯಾವ ಗುರುವೂ ನನ್ನೊಡನೆ ಪ್ರಸ್ತಾಪಿಸಿದ್ದಿಲ್ಲ. ನಾನೂ ಹಾಗೆ ನಿವೇದಿಸಿಕೊಂಡವನಲ್ಲ.

ಒಂದು ಮಾತನ್ನು ಮರೆಮಾಚಬಾರದು. ಮಿತಿಯ ಫಲಕ ನೆಟ್ಟು, ಮರದ ಮರೆಯಲ್ಲಿ ನಿಂತು ದಂಡ ವಸೂಲು ಮಾಡುವುದಷ್ಟೇ ಆದರೆ, ಅದು ಬಡವನ ಜೇಬಿಗೆ ಕೈಹಾಕಿದಂತೆ. ಹಿಂದಿನ ಬಸ್ಸಿಗೆ ಮುಂಚೆ ನಿಲ್ದಾಣ ಸೇರದಿದ್ದರೆ ಕಲೆಕ್ಷನ್ ಇಲ್ಲವೆಂಬ ಭಯದಲ್ಲಿ ಓಡುವ ಚಾಲಕನ ಅವಸರ ಅವನೊಬ್ಬನದಲ್ಲ. ಸಮಯ ಗೊತ್ತುಮಾಡಿದವರೂ, "ಬೇಗ ಬಿಡಪ್ಪ" ಎಂದು ಕೂಗುವ ನಾವೂ ಆ ಎತ್ತಿನ ಯಜಮಾನರೇ.

ಊರೊಳಗಿನ ಎರಡು ಕಿಲೋಮೀಟರನ್ನು 50ರ ಬದಲು 30ರ ವೇಗದಲ್ಲಿ ದಾಟಿದರೆ ಆಗುವ ನಷ್ಟ 1 ನಿಮಿಷ 36 ಸೆಕೆಂಡು. ಇದನ್ನು ನಾನು ಲೆಕ್ಕಹಾಕಿದ್ದು ಒಂದು ಭಾನುವಾರದ ನಂತರ. ಮೊದಲನೆಯ ಬಲಿಪೂಜೆ ಮುಗಿಸಿ ಉಪಕೇಂದ್ರಕ್ಕೆ ಬೈಕಿನಲ್ಲಿ ಧಾವಿಸುವಾಗ, ಹಾಲಿನ ಕ್ಯಾನು ಹಿಡಿದ ಹುಡುಗನೊಬ್ಬ ನನ್ನ ಹ್ಯಾಂಡಲಿನಿಂದ ಒಂದು ಗೇಣು ದೂರದಲ್ಲಿ ಉಳಿದುಕೊಂಡ. ಹಾಲು ಚೆಲ್ಲಿತು, ಅವನು ಅಳಲಿಲ್ಲ, ನನ್ನನ್ನೇ ನೋಡುತ್ತ ನಿಂತ. ಓಟದ ರೀತಿಯಿಂದಲೇ ಕಾವಲುಗಾರ ದೂರದಿಂದ ಗುರುತಿಸಿದ ಯೇಹು (2 ಅರಸುಗಳು 9:20) ಅಂದು ನನ್ನ ಬೈಕಿನ ಮೇಲಿದ್ದ. ದೇವರ ಕೆಲಸಕ್ಕೆ ಹೊರಟಿದ್ದೆನೆಂಬ ಸಮಾಧಾನ ಒಂದು ಕ್ಷಣವೂ ಒದಗಲಿಲ್ಲ.

ಮರುವಾರ ಉಪಕೇಂದ್ರದವರೊಡನೆ ಪೂಜೆಯನ್ನು ಕಾಲು ಗಂಟೆ ಮುಂದಕ್ಕೆ ಹಾಕೋಣವೇ ಎಂದು ಕೇಳಿದೆ. ಹಿರಿಯ ತಾಯಿಯೊಬ್ಬರು ನಕ್ಕರು. "ನೀವು ಬರೋವರೆಗೂ ನಾವು ಜಪಸರ ಹೇಳ್ತಾನೇ ಇರ್ತೀವಿ ಫಾದರ್. ನಿಮ್ಮನ್ನ ಓಡಿ ಬನ್ನಿ ಅಂದೋರು ಯಾರು?"