ನಾಲ್ವರ ದೋಣಿ

ಮೇಟಗಳ್ಳಿಯ ನಮ್ಮ ಮನೆಯಿಂದ ಹೆಬ್ಬಾಳು ಕೆರೆಯ ಏರಿಗೆ ಪ್ರಾತಃಕಾಲದ ವಾಯುಸೇವನೆಗೆಂದು ಹೋಗಿದ್ದ ನಾನು, ಅಲ್ಲಿ ತಂದೆಯೂ ಹತ್ತು ಹನ್ನೆರಡು ವರುಷದ ಮಗನೂ ಒಂದೇ ಹರಿಗೋಲಿನಲ್ಲಿ ಬಲೆಯೆತ್ತಲು ಹೊರಟುದನ್ನು ಕಂಡೆನು. ಹುಡುಗನು ಉತ್ಸಾಹದಿಂದ ಬಿರಬಿರನೆ ಹುಟ್ಟುಹಾಕಿದಾಗಲೆಲ್ಲ ಹರಿಗೋಲು ನಿಂತಲ್ಲಿಯೇ ಗಿರ್ರನೆ ತಿರುಗುತ್ತಿತ್ತು. ತಂದೆ ಗದರಲಿಲ್ಲ, ತನ್ನ ಹುಟ್ಟನ್ನು ಮೇಲೆತ್ತಿ, ಅದರ ತುದಿಯ ಹನಿಗಳು ಉದುರಿ ಮುಗಿಯುವಷ್ಟು ಹೊತ್ತು ಕಾದು, ಮತ್ತೆ ಮೊದಲಿನ ನಿಧಾನದಲ್ಲಿಯೇ ಹಾಕಿದನು. ಮೂರನೆಯ ಸಲಕ್ಕೆ ಮಗನ ಕೈ ಅದಕ್ಕೆ ಹೊಂದಿಕೊಂಡಿತು.

ಆಗ ನನ್ನ ಸ್ಮರಣೆಗೆ ಬಂದವರು ಜರ್ಮನಿಯ ಬಿರ್ಗಿಟ್ ಫಿಶರ್. ಹಾವೆಲ್ ನದಿಯ ದಡದ ಬ್ರಾಂಡೆನ್‌ಬುರ್ಗ್ ಪಟ್ಟಣದಲ್ಲಿ 1962ರಲ್ಲಿ ಜನಿಸಿ, ಎಳವೆಯಲ್ಲಿಯೇ ದೋಣಿಯೇರಿ, 1980ರ ಮಾಸ್ಕೋ ಒಲಿಂಪಿಕ್ಸಿನಲ್ಲಿ ಹದಿನೆಂಟು ವರುಷದವರಾಗಿ 500 ಮೀಟರಿನ ಒಂಟಿ ಕಯಾಕ್ ಸ್ಪರ್ಧೆಯನ್ನು ಗೆದ್ದ ಈಕೆ, 1984ರಲ್ಲಿ ತಮ್ಮ ದೇಶವು ಕ್ರೀಡಾಕೂಟವನ್ನೇ ಬಹಿಷ್ಕರಿಸಿದ್ದರಿಂದ ಒದಗಿದ ನಷ್ಟವನ್ನೂ ಸಹಿಸಿ, ಇಬ್ಬರು ಮಕ್ಕಳ ತಾಯಿಯಾದ ಮೇಲೆಯೂ ನೀರನ್ನು ಬಿಡದೆ, 2000ದ ಅನಂತರ ನಿವೃತ್ತರಾಗಿದ್ದವರು ಮತ್ತೆ ಮರಳಿ, 2004ರಲ್ಲಿ ಅಥೆನ್ಸಿನಲ್ಲಿ ನಲವತ್ತೆರಡರ ಪ್ರಾಯದಲ್ಲಿ ಎಂಟನೆಯ ಸ್ವರ್ಣಪದಕವನ್ನು ಪಡೆದರು.

ಇಷ್ಟು ದೀರ್ಘವಾದ ಅಭ್ಯಾಸಬಲವೇ ಆಶ್ಚರ್ಯಕರವಾದುದು, ಸರಿ. ಆದರೆ ನನ್ನನ್ನು ಹೆಚ್ಚಾಗಿ ಹಿಡಿದು ನಿಲ್ಲಿಸುವುದು ಬೇರೊಂದು ಲೆಕ್ಕ. ಆ ಎಂಟು ಸ್ವರ್ಣಗಳಲ್ಲಿ ಏಕಾಕಿಯಾಗಿ ಗಳಿಸಿದವು ಎರಡೇ; ಉಳಿದ ಆರೂ ಇಬ್ಬರ ಅಥವಾ ನಾಲ್ವರ ದೋಣಿಯಲ್ಲಿ ಬಂದವು. ನಾಲ್ವರ ದೋಣಿಯಲ್ಲಿ ಮುಂದೆ ಕುಳಿತವರು ಲಯವನ್ನು ನಿಶ್ಚಯಿಸಿದರೆ ಹಿಂದಿನ ಮೂವರು ತಮ್ಮ ತೋಳಿನ ಬಲವನ್ನೆಲ್ಲ ಆ ಲಯಕ್ಕೆ ಅರ್ಪಿಸಬೇಕು. ಯಾರೊಬ್ಬರ ಪ್ರತಾಪವು ಮಿಕ್ಕರೂ ದೋಣಿ ಹೊಯ್ದಾಡುವುದು. ಅಥೆನ್ಸಿನಲ್ಲಿ ಆಕೆಯ ಜೊತೆ ಹುಟ್ಟುಹಾಕಿದ ಕರೋಲಿನ್ ಲಿಯೊನ್‌ಹಾರ್ಟ್, ಮಾಸ್ಕೋದ ಆ ಮೊದಲ ಪದಕದ ಕಾಲಕ್ಕೆ ಇನ್ನೂ ಹುಟ್ಟಿಯೇ ಇರಲಿಲ್ಲ. ಅಂಥ ಕಿರಿಯಳೊಡನೆ ಸರಿಸಮನಾಗಿ ಕುಳಿತು ಕೈಗೆ ಕೈ ಹೊಂದಿಸುವ ವಿನಯವು ಕೀರ್ತಿವಂತರಿಗೆ ಎಷ್ಟು ದುರ್ಲಭವೆಂಬುದನ್ನು ಕಛೇರಿಗಳಲ್ಲಿಯೂ ಮನೆಗಳಲ್ಲಿಯೂ ದುಡಿದವರೆಲ್ಲರೂ ಬಲ್ಲರು.

ಈ ಗುಣವನ್ನು ಕಲಿಸುವ ಮೊದಲ ಶಾಲೆ ಮನೆಯೆಂದೇ ನನ್ನ ನಂಬಿಕೆ. ಬಿರ್ಗಿಟ್‌ರ ಸೋದರ ಫ್ರಾಂಕ್ ಫಿಶರ್ ಕಯಾಕಿನಲ್ಲಿ ವಿಶ್ವವಿಜೇತರು. ಫ್ರಾಂಕ್‌ರ ಮಡದಿಯಾದ ಸರೀನಾ ಹ್ಯುಲ್ಸೆನ್‌ಬೆಕ್ ಅದೇ ಮಾಸ್ಕೋದಲ್ಲಿ ಈಜಿನ ರಿಲೇಯಲ್ಲಿ ಸ್ವರ್ಣ ಪಡೆದವರು. ಅವರ ಮಗಳು ಫಾನಿ 2008ರಲ್ಲಿ ಬೀಜಿಂಗಿನಲ್ಲಿ ಒಲಿಂಪಿಕ್ ಸ್ವರ್ಣವನ್ನು ಗೆದ್ದಳು. ಗೆದ್ದದ್ದು, ಅತ್ತೆ ಕಡೆಯ ಸಲ ಗೆದ್ದಂಥ ನಾಲ್ವರ ದೋಣಿಯಲ್ಲಿಯೇ.