ಅಮ್ಮನ ರಕ್ತ, ಅಕ್ಕನ ಫೈಲು

ಮಣ್ಣಗುಡ್ಡದ ನಮ್ಮ ಬಾಡಿಗೆ ಮನೆಯ ಕೆಳಗಿನ ಮಹಡಿಯಲ್ಲಿ ಒಬ್ಬರು ಅಕ್ಕ ಇದ್ದಾರೆ. ವೈದ್ಯಕೀಯ ಸಂಶೋಧನೆಯ ಆಫೀಸೊಂದರಲ್ಲಿ ಕೆಲಸ. ಒಂದೇ ಗ್ರಾಂಟಿನ ಕೆಳಗೆ ನಾಲ್ಕು ಪ್ರಾಜೆಕ್ಟು. ನಾಲ್ಕರ ಬಿಲ್ಲು, ಎಥಿಕ್ಸ್ ಕಮಿಟಿಯ ಕಾಗದ, ರಕ್ತ ಕೊಟ್ಟವರ ಒಪ್ಪಿಗೆ ಪತ್ರ ಎಲ್ಲ ಬರೋದು ಇವರ ಮೇಜಿಗೇ. ಕೇಳಿದರೆ, "ನಾನು ಬರೀ ಸಪೋರ್ಟ್ ಸ್ಟಾಫ್ ಮಾರಾಯ" ಅಂತಾರೆ.

ಮೊನ್ನೆ ತುಂಬಾ ಸುಸ್ತಾಗಿ ಬಂದಿದ್ರು. ರಕ್ತ ಕೊಟ್ಟಿದ್ದ ಒಬ್ಬ ಅಜ್ಜಿ ತನ್ನದು ಬೇಡ, ತೆಗೆದುಬಿಡಿ ಅಂದಿದ್ದರಂತೆ. ಎರಡು ದಿನದಿಂದ ಅಜ್ಜಿಯ ಟ್ಯೂಬ್ ಯಾವ ಫ್ರೀಜರಿನಲ್ಲಿ, ಯಾವ ಪ್ರಾಜೆಕ್ಟಿಗೆ ಎಷ್ಟು ಹೋಗಿದೆ ಅಂತ ಹುಡುಕಾಟ.

"ತೆಗೆದಾಯ್ತು ಅಂತ ಹೇಳಿಬಿಡಿ ಅಕ್ಕ, ಅವರಿಗೆ ಹೇಗೆ ಗೊತ್ತಾಗ್ತದೆ?" ಅಂದೆ.

"ಗೊತ್ತಾಗುವುದಿಲ್ಲ. ಅದಕ್ಕೇ ಹುಡುಕ್ತಿರೋದು."

ಅವತ್ತು ರಾತ್ರಿ ಸರಿಯಾಗಿ ನಿದ್ದೆ ಬರಲಿಲ್ಲ.

ಐಸಿಎಂಆರ್‌ನ 2017ರ ಮಾರ್ಗಸೂಚಿ ಪ್ರಕಾರ ಒಪ್ಪಿಗೆ ಕೊಟ್ಟವರು ಯಾವಾಗ ಬೇಕಾದರೂ ಹಿಂದೆ ಸರಿಯಬಹುದು. ಓದಲು ಬಾರದವರಾದರೆ ಹೆಬ್ಬೆಟ್ಟಿನ ಜೊತೆ ನಿಷ್ಪಕ್ಷಪಾತ ಸಾಕ್ಷಿಯೊಬ್ಬರ ಸಹಿಯೂ ಬೇಕು. ಬರೆಯೋದು ಸುಲಭ. 2020ರಲ್ಲಿ ಶುರುವಾದ ಜೀನೋಮ್ ಇಂಡಿಯಾವನ್ನೇ ತಗೊಳ್ಳಿ. ಬೆಂಗಳೂರಿನ ಐಐಎಸ್‌ಸಿ ಆವರಣದ ಸೆಂಟರ್ ಫಾರ್ ಬ್ರೈನ್ ರಿಸರ್ಚ್ ಮುಂದಾಳತ್ವ, 20 ಸಂಸ್ಥೆಗಳು, ಸುಮಾರು 10,000 ಜನರ ಜೀನೋಮು. ಡೇಟಾ ಇರೋದು ಫರೀದಾಬಾದಿನಲ್ಲಿ. ಇಷ್ಟು ದೊಡ್ಡ ಕೆಲಸದಲ್ಲಿ ವಿಜ್ಞಾನಿಗೆ ಕಾಣೋದು ಒಂದು ನಂಬರ್ ಮಾತ್ರ, ಹಾಗೇ ಇರಬೇಕು ಕೂಡ. ಆ ನಂಬರ್ ಯಾರು ಅನ್ನೋ ಪಟ್ಟಿ ಮಾತ್ರ ಎಲ್ಲೋ ಒಂದು ಕಡೆ ಬೀಗದೊಳಗೆ ಇರಬೇಕಾಗ್ತದೆ.

ನಮ್ಮಂಥ ಇಂಜಿನಿಯರುಗಳಿಗೆ ಅಂಥ ಪಟ್ಟಿ ಅಂದರೆ ರಿಸ್ಕು. ಲೀಕಾದರೆ? ಅಳಿಸಿಬಿಡಿ ಅಂತೀವಿ. ಆದರೆ ಅಳಿಸಿದ ಮೇಲೆ ಅಜ್ಜಿ "ನನ್ನದು ಬೇಡ" ಅಂದರೆ ಅವರದ್ದು ಯಾವುದು ಅಂತ ಹುಡುಕೋದು ಹೇಗೆ? ಗುಟ್ಟು ಕಾಯಲಿಕ್ಕೆ ಹೆಸರು ಮರೀಬೇಕು, ಮಾತು ಉಳಿಸಿಕೊಳ್ಳಲಿಕ್ಕೆ ನೆನಪಿಡಬೇಕು. ಎರಡನ್ನೂ ಒಟ್ಟಿಗೆ ಮಾಡುವವರನ್ನು ನಾವು ಸಪೋರ್ಟ್ ಅಂತ ಕರೀತೀವಿ. ಪೇಪರ್ ಪ್ರಕಟವಾದಾಗ ಲೇಖಕರ ಪಟ್ಟಿಯಲ್ಲಿ ಅಕ್ಕ ಇರುವುದಿಲ್ಲ. ಅದರ ಬಗ್ಗೆ ನನಗೇ ಬೇಜಾರು, ಅವರಿಗಿಲ್ಲ.

ನನಗೆ ಬೇರೆಯದೊಂದು ನೆನಪಾಗಿ ಕಸಿವಿಸಿ. ನಮ್ಮೂರಿನ ಕ್ಯಾಂಪಿನಲ್ಲಿ ಅಮ್ಮನೂ ಹೀಗೇ ರಕ್ತ ಕೊಟ್ಟಿದ್ದಳು. "ಎಂತದೋ ಪೇಪರ್ ಕೊಟ್ಟಿದ್ದಾರೆ, ಸೈನ್ ಹಾಕ್ಲಾ?" ಅಂತ ಫೋನ್ ಮಾಡಿದ್ದಳು. ನಾನು ಮೀಟಿಂಗಿನಲ್ಲಿದ್ದೆ. ಏನು, ಎತ್ತ ಕೇಳದೆ "ಹಾಕಮ್ಮ, ಎಂತ ಆಗುದಿಲ್ಲ" ಅಂದಿದ್ದೆ.

ನಿನ್ನೆ ಫೋನ್ ಮಾಡಿ, ಆ ಪೇಪರಿನ ಕಾಪಿ ಉಂಟಾ ಅಂತ ಕೇಳಿದೆ.

"ಅಕ್ಕಿ ಡಬ್ಬದ ಅಡಿಯಲ್ಲಿ ಉಂಟು. ಓದಿ ಹೇಳ್ತೇನೆ ಅಂದಿದ್ದಿಯಲ್ಲ, ಅದಕ್ಕೇ ಇಟ್ಟಿದ್ದೇನೆ" ಅಂದಳು.