ಋಣದ ವಾರಸುದಾರರು

ತಂದೆ ಮಾಡಿದ ಅಪರಾಧಕ್ಕೆ ಮಗನನ್ನು ದಂಡಿಸುವುದು ನ್ಯಾಯವಲ್ಲ. ಇದರಲ್ಲಿ ಯಾರಿಗೂ ಭಿನ್ನಾಭಿಪ್ರಾಯವಿರಲಾರದು. ಆದರೆ ತಂದೆ ಬಿಟ್ಟುಹೋದ ಹೊಲಮನೆಗಳನ್ನು ಸ್ವೀಕರಿಸಿದ ಮಗನು ತಂದೆಯ ಸಾಲ ಮಾತ್ರ ತನ್ನದಲ್ಲವೆಂದು ಹೇಳಬಹುದೇ? ಹಾಗೆ ಹೇಳಿದವನ ಮಾತನ್ನು ನಮ್ಮ ಊರ ಹಿರಿಯರು ಒಪ್ಪುವುದಿಲ್ಲ. ಅಪರಾಧದ ನೀತಿ ಬೇರೆ, ಋಣದ ನೀತಿ ಬೇರೆ. ಈ ಭೇದವನ್ನು ಮತ್ತೆ ಆಲೋಚಿಸುವಂತೆ ನಮ್ಮನ್ನು ಪ್ರೇರಿಸಿದ್ದು ಬ್ರಿಟನ್ ಮತ್ತು ಐರ್ಲೆಂಡುಗಳ ಆರ್ಥಿಕ ಇತಿಹಾಸದಲ್ಲಿ ಈಚೆಗೆ ನಡೆದಿರುವ ಸಂಶೋಧನೆ.

1833ರಲ್ಲಿ ಬ್ರಿಟಿಷ್ ಪಾರ್ಲಿಮೆಂಟು ಗುಲಾಮಗಿರಿಯನ್ನು ರದ್ದುಗೊಳಿಸಿತು ಎಂಬ ವಾಕ್ಯವನ್ನು ನಾವು ಎಷ್ಟೋ ವರ್ಷ ಮಕ್ಕಳಿಗೆ ಬರೆಸಿದ್ದೇವೆ. ಅದಕ್ಕಾಗಿ ಹೋರಾಡಿದ ವಿಲ್ಬರ್‌ಫೋರ್ಸ್ ಅವರ ಹೆಸರನ್ನು ಗೌರವದಿಂದ ಹೇಳಿದ್ದೇವೆ; ಆ ಗೌರವಕ್ಕೆ ಅವರು ಅರ್ಹರೇ. ಆದರೆ ಅದೇ ಕಾನೂನಿನಲ್ಲಿ 2 ಕೋಟಿ ಪೌಂಡುಗಳ ಪರಿಹಾರಧನದ ಏರ್ಪಾಡೂ ಇತ್ತೆಂಬುದನ್ನು ನಾವು ಹೇಳಲಿಲ್ಲ. ಆಗ ನಮಗೇ ಅದು ತಿಳಿದಿರಲಿಲ್ಲ. ಆ ಮೊತ್ತ ಅಂದಿನ ಸರ್ಕಾರದ ವಾರ್ಷಿಕ ವೆಚ್ಚದಲ್ಲಿ ನೂರಕ್ಕೆ 40ರಷ್ಟು. ಅದು ಸಂದದ್ದು ಬಿಡುಗಡೆಯಾದ ಸುಮಾರು 8 ಲಕ್ಷ ಜನರಿಗಲ್ಲ, ಅವರ ಒಡೆಯರಿಗೆ. ದುಡಿದವರಿಗೆ ಒಂದು ಕಾಸೂ ದೊರೆಯಲಿಲ್ಲ. ಬಹುಪಾಲು ವಸಾಹತುಗಳಲ್ಲಿ ಆರು ವರ್ಷ ದಾಟಿದವರೆಲ್ಲರೂ 'ಅಪ್ರೆಂಟಿಸ್' ಎಂಬ ಹೊಸ ಹೆಸರು ಹೊತ್ತು, ವಾರಕ್ಕೆ 45 ಗಂಟೆಗಳವರೆಗೆ ಅದೇ ಒಡೆಯರಿಗೆ ಕೂಲಿಯಿಲ್ಲದೆ ದುಡಿಯಬೇಕಾಯಿತು. ಆ ಪದ್ಧತಿ ನಿಂತದ್ದು 1838ರಲ್ಲಿ.

ಪರಿಹಾರ ಬೇಕಾದ ಒಡೆಯರು ಅರ್ಜಿ ಸಲ್ಲಿಸಬೇಕಿತ್ತು. ಅದಕ್ಕೆಂದೇ ನೇಮಕವಾದ ಆಯೋಗವು 1822ರಿಂದ 1830ರವರೆಗಿನ ಮಾರಾಟದ ಬೆಲೆಗಳನ್ನು ನೋಡಿ, ಹೊಲದಲ್ಲಿ ದುಡಿಯುವವರು, ಕಸುಬುದಾರರು, ಮನೆಯಾಳುಗಳು, ಮಕ್ಕಳು, ಮುದುಕರು ಎಂದು ವಿಂಗಡಿಸಿ ಮನುಷ್ಯರಿಗೆ ಬೆಲೆ ಕಟ್ಟಿತು. ಆ ಕಡತಗಳು ಉಳಿದುಬಂದಿವೆ. ಕ್ಯಾಥರೀನ್ ಹಾಲ್, ನಿಕ್ ಡ್ರೇಪರ್ ಮೊದಲಾದ ಇತಿಹಾಸಕಾರರು ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ ಅವನ್ನು ಕ್ರಮವಾಗಿ ಅಭ್ಯಸಿಸಿ, 2013ರಲ್ಲಿ ಎಲ್ಲರೂ ನೋಡುವಂತೆ ಪ್ರಕಟಿಸಿದರು. ಅಲ್ಲಿ ಕಾಣುವವರು ಕ್ರೂರಿಗಳಾದ ಕೆಲವು ಶ್ರೀಮಂತರು ಮಾತ್ರವಲ್ಲ. ಇಂಗ್ಲೆಂಡ್, ಸ್ಕಾಟ್ಲೆಂಡ್, ಐರ್ಲೆಂಡುಗಳಲ್ಲಿ ಮರ್ಯಾದಸ್ಥರಾಗಿ ಬಾಳಿದ ಪಾದ್ರಿಗಳು, ವಿಧವೆಯರು, ವ್ಯಾಪಾರಿಗಳು ಅಲ್ಲಿದ್ದಾರೆ. ಅವರಲ್ಲಿ ಅನೇಕರು ಆ ತೋಟಗಳನ್ನು ಕಣ್ಣಿನಿಂದ ನೋಡಿದವರೂ ಅಲ್ಲ. ಉಯಿಲಿನ ಮೂಲಕ ಬಂದ ಪಾಲನ್ನು ಅವರು ಸಹಜವಾಗಿಯೇ ಸ್ವೀಕರಿಸಿದ್ದರು.

ನಾಲ್ಕು ಬಾರಿ ಪ್ರಧಾನಿಯಾದ ವಿಲಿಯಂ ಗ್ಲಾಡ್‌ಸ್ಟನ್ನರ ತಂದೆ ಜಾನ್ ಗ್ಲಾಡ್‌ಸ್ಟನ್ನರಿಗೆ 2,500ಕ್ಕೂ ಹೆಚ್ಚು ಜನರ ಲೆಕ್ಕದಲ್ಲಿ 1 ಲಕ್ಷ ಪೌಂಡಿಗೂ ಮಿಕ್ಕಿದ ಹಣ ಸಂದಿತು. ಗುಲಾಮರು ಕೈಬಿಟ್ಟುಹೋಗುವ ಕಾಲ ಬಂದಾಗ ಅವರು ಭಾರತದತ್ತ ನೋಡಿದರು. 1838ರಲ್ಲಿ ಕಲ್ಕತ್ತೆಯಿಂದ ಎರಡು ಹಡಗುಗಳಲ್ಲಿ ಕರಾರಿನ ಕೂಲಿಗಳಾಗಿ ಸುಮಾರು 400 ಮಂದಿ ಬ್ರಿಟಿಷ್ ಗಯಾನಾಕ್ಕೆ ಸಾಗಿದ್ದು ಅವರ ಪ್ರಯತ್ನದ ಫಲ.

ಇದಾಗಿ ಹತ್ತು ವರ್ಷ ಕಳೆಯುವ ಮೊದಲೇ ಐರ್ಲೆಂಡಿನ ಆಲೂಗಡ್ಡೆ ಬೆಳೆಗೆ ರೋಗ ತಗುಲಿ ಮಹಾಕ್ಷಾಮ ತಲೆದೋರಿತು. ಸುಮಾರು 10 ಲಕ್ಷ ಜನ ಸತ್ತರು. ಆಗ ಐರ್ಲೆಂಡ್ ಬ್ರಿಟನ್ನಿನದೇ ಒಂದು ಅಂಗ. ಆದರೂ ಆ ಎಲ್ಲ ವರ್ಷಗಳಲ್ಲಿ ಬ್ರಿಟಿಷ್ ಬೊಕ್ಕಸವು ಪರಿಹಾರಕ್ಕೆ ವೆಚ್ಚ ಮಾಡಿದ್ದು ಒಡೆಯರಿಗೆ ಕೊಟ್ಟದ್ದರ ಅರ್ಧದಷ್ಟೆಂದು ಇತಿಹಾಸಕಾರರ ಅಂದಾಜು; ಅದರಲ್ಲಿಯೂ ಬಹುಭಾಗವನ್ನು ಮೊದಲು ಸಾಲವೆಂದೇ ಕೊಡಲಾಗಿತ್ತು. ಬೊಕ್ಕಸ ಅದೇ, ಕಾಲವೂ ಹೆಚ್ಚುಕಡಿಮೆ ಅದೇ. ಒಡೆಯನ ಕೈತಪ್ಪಿದ್ದನ್ನು ನಷ್ಟವೆಂದು ಬರೆದುಕೊಂಡ ಲೇಖನಿಗೆ ಹಸಿದವನ ಪ್ರಾಣವನ್ನು ಹಾಗೆ ಬರೆದುಕೊಳ್ಳುವುದು ಸಾಧ್ಯವಾಗಲಿಲ್ಲ.

ಇದೆಲ್ಲ ಮುಗಿದ ಕಥೆ, ಇಂದಿನವರು ಅದಕ್ಕೆ ಹೊಣೆಯಲ್ಲ ಎಂಬ ಆಕ್ಷೇಪವನ್ನು ಕಡೆಗಣಿಸಲಾಗದು. ಪರಿಹಾರ ಕೊಡದಿದ್ದರೆ ಆ ಕಾನೂನು ಪಾರ್ಲಿಮೆಂಟನ್ನು ದಾಟುತ್ತಲೇ ಇರಲಿಲ್ಲ ಎಂಬ ಮಾತಿನಲ್ಲಿಯೂ ಸತ್ಯಾಂಶವಿದೆ. ಬ್ರಿಟನ್ನಿನ ಕೈಗಾರಿಕಾ ಏಳಿಗೆಯಲ್ಲಿ ಗುಲಾಮಗಿರಿಯ ಪಾಲೆಷ್ಟು ಎಂಬ ಬಗ್ಗೆ, ಟ್ರಿನಿಡಾಡಿನ ಎರಿಕ್ ವಿಲಿಯಮ್ಸ್ 1944ರಲ್ಲಿ ತಮ್ಮ ಗ್ರಂಥವನ್ನು ಪ್ರಕಟಿಸಿದಂದಿನಿಂದ ಇಂದಿನವರೆಗೆ ವಿದ್ವಾಂಸರಲ್ಲಿ ವಾದ ನಡೆದೇ ಇದೆ. ಇವನ್ನೆಲ್ಲ ಒಪ್ಪಿಕೊಂಡ ಮೇಲೂ ಒಂದು ಸಂಗತಿ ಉಳಿಯುತ್ತದೆ. ಒಡೆಯರಿಗೆ ಹಣ ಕೊಡಲು ಸರ್ಕಾರ 1835ರಲ್ಲಿ ಸಾಲ ಎತ್ತಿತ್ತು. ಅನಂತರದ ಸಾಲಪತ್ರಗಳಲ್ಲಿ ಬೆರೆತುಹೋದ ಆ ಬಾಕಿ ಪೂರ್ತಿ ತೀರಿದ್ದು 2015ರಲ್ಲಿ ಎಂದು ಬ್ರಿಟಿಷ್ ಖಜಾನೆಯೇ ಹೇಳಿದೆ. ಅಂದರೆ 180 ವರ್ಷ, ಗುಲಾಮರನ್ನು ಕಂಡೇ ಇರದ ಪ್ರಜೆಗಳು, ಅವರೊಡನೆ ವೆಸ್ಟ್ ಇಂಡೀಸಿನಿಂದ ಬಂದು ನೆಲೆಸಿದ ಗುಲಾಮರ ಮೊಮ್ಮಕ್ಕಳೂ, ತಮ್ಮ ತೆರಿಗೆಯಿಂದ ಆ ಸಾಲ ತೀರಿಸಿದರು. ಪೂರ್ವಿಕರ ಮಾತಿಗೆ ನಾವು ಬದ್ಧರಲ್ಲವೆಂದು ಆಗ ಯಾರೂ ಹೇಳಲಿಲ್ಲ. ಸಾಲ ಕೊಟ್ಟವನ ಬಾಕಿ ತಲೆಮಾರುಗಳನ್ನು ದಾಟಬಹುದಾದರೆ, ದುಡಿದವನ ಬಾಕಿ ಮಾತ್ರ ಅವನ ಸಮಾಧಿಯಲ್ಲಿಯೇ ಮುಗಿಯಬೇಕೆನ್ನುವುದು ಯಾವ ನ್ಯಾಯ?

ಈ ಪ್ರಶ್ನೆಗೆ ಕಿವಿಗೊಟ್ಟವರೂ ಇದ್ದಾರೆ. ಗುಲಾಮಗಿರಿಯನ್ನು ವಿರೋಧಿಸಿದ್ದ ಗ್ಲಾಸ್ಗೋ ವಿಶ್ವವಿದ್ಯಾಲಯವು ಅದೇ ಮೂಲದ ದಾನಗಳನ್ನು ತಾನು ಪಡೆದಿತ್ತೆಂದು 2018ರಲ್ಲಿ ತಾನೇ ಲೆಕ್ಕ ತೆಗೆದು ಪ್ರಕಟಿಸಿತು. ಮರುವರ್ಷ ವೆಸ್ಟ್ ಇಂಡೀಸ್ ವಿಶ್ವವಿದ್ಯಾಲಯದೊಡನೆ ಒಪ್ಪಂದ ಮಾಡಿಕೊಂಡು, 20 ವರ್ಷಗಳಲ್ಲಿ 2 ಕೋಟಿ ಪೌಂಡು ವಿನಿಯೋಗಿಸುವ ಸಂಕಲ್ಪ ಮಾಡಿತು. 2023ರಲ್ಲಿ ಗ್ಲಾಡ್‌ಸ್ಟನ್ ವಂಶದವರು ಗಯಾನಾಕ್ಕೆ ಹೋಗಿ ಕ್ಷಮೆ ಕೇಳಿದರು.

ಪರರ ಕಡತ ಓದುವಾಗ ನಮ್ಮ ಕಡತವೂ ನೆನಪಾಗುತ್ತದೆ. 1833ರ ಆ ಕಾನೂನು ಈಸ್ಟ್ ಇಂಡಿಯಾ ಕಂಪನಿಯ ಸೀಮೆಗಳನ್ನು ಹೊರಗಿಟ್ಟಿತ್ತು. ಆದವಾನಿ, ರಾಯದುರ್ಗಗಳು ಸೇರಿದ್ದ ಅಂದಿನ ಬಳ್ಳಾರಿ ಜಿಲ್ಲೆ ಆ ಸೀಮೆಗಳಲ್ಲೊಂದು. ನಮ್ಮಲ್ಲಿ ಜೀತವನ್ನು ಕಾನೂನು ಅಳಿಸಿದ್ದು 1976ರಲ್ಲಿ. ಒಡೆಯನಿಗೆ ಕೊಡಬೇಕೆಂದಿದ್ದ ಸಾಲವನ್ನು ಅದು ಪೂರ್ತಿಯಾಗಿ ರದ್ದು ಮಾಡಿತು. ಈ ಒಂದು ವಿಷಯದಲ್ಲಿ ನಮ್ಮ ಶಾಸನ ಬ್ರಿಟನ್ನಿನದಕ್ಕಿಂತ ನ್ಯಾಯವಾದುದು. ಆದರೆ ಅದಕ್ಕಿಂತ ಹಿಂದೆ, ನಮ್ಮ ಅಜ್ಜನವರ ಕಾಲದಲ್ಲಿ, ನಮ್ಮ ಮನೆಯಲ್ಲಿಯೂ ಒಬ್ಬ ಜೀತದಾಳಿದ್ದ. ಮದುವೆಗೆಂದು ಪಡೆದ ಸಣ್ಣ ಸಾಲಕ್ಕಾಗಿ ಅವನು ಸಾಯುವವರೆಗೆ ನಮ್ಮ ಹೊಲದಲ್ಲಿ ದುಡಿದನೆಂದು ನಮ್ಮ ತಾಯಿಯವರು ಹೇಳುತ್ತಿದ್ದರು. ಆ ಹೊಲದ ಜೋಳದಿಂದಲೇ ನಮ್ಮ ಬಿ.ಎ., ಬಿ.ಎಡ್. ವ್ಯಾಸಂಗ ಸಾಗಿತು. ಮನೆಯ ಪೆಟ್ಟಿಗೆಯಲ್ಲಿ ಹೊಲದ ಪತ್ರಗಳೆಲ್ಲ ಇವೆ. ಅವನ ಹೆಸರು ಒಂದರಲ್ಲಿಯೂ ಇಲ್ಲ.

ನಾವು ಅಪರಾಧಿಗಳಲ್ಲ; ಋಣಿಗಳು ಹೌದು. ಋಣದ ಮೊದಲ ಕಂತು ಹಣವಲ್ಲ, ಒಪ್ಪಿಗೆ. ಅದಾದ ಮೇಲೆ ಉಳಿದ ಕಂತುಗಳು, ನಮ್ಮ ನಮ್ಮ ಶಕ್ತ್ಯನುಸಾರ. ನಿವೃತ್ತರಾದ ಮೇಲೆ ನಾವು ಅವನ ಮನೆತನವನ್ನು ವಿಚಾರಿಸತೊಡಗಿದೆವು. ಅವನ ಮರಿಮಗಳೊಬ್ಬಳು ನಾವು ಪಾಠ ಹೇಳಿದ ಶಾಲೆಯಲ್ಲಿಯೇ ಓದುತ್ತಿದ್ದಾಳೆಂದು ಕಳೆದ ವರ್ಷ ತಿಳಿಯಿತು. ಅವಳ ತಂದೆಯವರ ಬಳಿಗೆ ಹೋಗಿ, ಹೇಳಬೇಕಾದುದನ್ನು ಹೇಳಿ ಬಂದೆವು. ಅವಳ ಮುಂದಿನ ಓದಿನ ವೆಚ್ಚ ನಮ್ಮದೆಂದಾಗ ಅವರು ಅದನ್ನು ದಾನವೆಂದು ತಿಳಿದು ಕೈಮುಗಿದರು. ದಾನವಲ್ಲ, ಬಾಕಿಯೆಂದು ತಿಳಿಸಿ ಹೇಳಲು ನಮಗೆ ಬಹಳ ಹೊತ್ತು ಹಿಡಿಯಿತು.